ಜರ್ನಲ್ ಸರ್ಟಿಫೈ ಆಗೇತೇನು?

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಯಾವ ಕಾಲೇಜಿನ ಕಟ್ಟೆಯ ಮೇಲೆ ಕುಂತರೂ ಕಿವಿಗೆ ಬೀಳುವ ಪ್ರಶ್ನೆ ಒಂದೇ: ‘ನಿಂದು ಜರ್ನಲ್ ಸರ್ಟಿಫೈ ಆಗೇತೇನಲೇ?’ ಪ್ರೋಗ್ರಾಂ ತಿಳಿಯಿತೇ, ಓಡಿತೇ ಎಂದು ಕೇಳುವವರು ಕಡಿಮೆ. ಸರ್ಟಿಫೈ ಆಗದ ಜರ್ನಲ್ ಹಿಡಿದು ಬಂದವರನ್ನು ಪರೀಕ್ಷೆಗೆ ಕೂಡಿಸುವುದಿಲ್ಲ ಎಂಬ ಭಯ ಮಾತ್ರ ಎಲ್ಲರಿಗೂ ಇರುತ್ತದೆ. ಮೊದಲ ಪುಟದಲ್ಲಿ ಅಚ್ಚಾದ ಪ್ರಮಾಣಪತ್ರ, ಅದರ ಕೆಳಗೆ ಬ್ಯಾಚ್ ಶಿಕ್ಷಕರ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಬಾಹ್ಯ ಪರೀಕ್ಷಕರಿಗೆ ಬಿಟ್ಟ ಖಾಲಿ ಗೆರೆ. ಈ ಮೂರು ಸಹಿಗಳಿಗಾಗಿ ನಮ್ಮ ಸೀಮೆಯ ಮಕ್ಕಳು ಸವೆಸಿದ ನೀಲಿ ಶಾಯಿಗೆ ಲೆಕ್ಕವಿಲ್ಲ.

ನಾನು ಬನಹಟ್ಟಿಯ ನೇಕಾರರ ಮನೆಯವಳು. ತೊಂಬತ್ತರ ದಶಕದಲ್ಲಿ ಇದೇ ಸೀಮೆಯಲ್ಲಿ ಕಂಪ್ಯೂಟರ್ ಓದಿದೆ, ಆಮೇಲೆ ಇಲ್ಲಿಯೇ ಕಲಿಸಿದೆ, ಬಾಹ್ಯ ಪರೀಕ್ಷಕಿಯಾಗಿ ನಾಲ್ಕೂ ಊರಿನ ಕಾಲೇಜುಗಳಿಗೆ ಬಸ್ಸು ಹಿಡಿದು ಹೋದೆ. ಬರೆದ ಜರ್ನಲ್ಲಿಗಿಂತ ಸಹಿ ಹಾಕಿದ ಜರ್ನಲ್ಲುಗಳು ಎಷ್ಟೋ ಪಾಲು ಹೆಚ್ಚು. ಹೀಗೆ ಸಹಿ ಹಾಕುತ್ತ ಹಾಕುತ್ತ ನನಗೆ ಹುಟ್ಟಿದ ಪ್ರಶ್ನೆ ಇದು: ಈ ಜರ್ನಲ್ಲಿನ ನಿಯಮಗಳು ಎಲ್ಲಿಂದ ಬಂದವು, ಅವು ಯಾರಿಗೆ ಉಪಕಾರ ಮಾಡಿದವು?

ಮೂಲ ಹುಡುಕಲು ಬಹಳ ದೂರ ಹೋಗಬೇಕಿಲ್ಲ, ಪಕ್ಕದ ರಸಾಯನಶಾಸ್ತ್ರದ ಪ್ರಯೋಗಶಾಲೆಗೆ ಹೋದರೆ ಸಾಕು. ನಮ್ಮ ಕಾಲೇಜುಗಳು ಆಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯ ಅದು. ಭೌತಶಾಸ್ತ್ರ, ರಸಾಯನಶಾಸ್ತ್ರದ ಜರ್ನಲ್ಲುಗಳಿಗೆ ಒಂದು ಕಟ್ಟು ಇತ್ತು: ಉದ್ದೇಶ, ಸಲಕರಣೆ, ವಿಧಾನ, ವೀಕ್ಷಣೆ, ಫಲಿತಾಂಶ. ಕಂಪ್ಯೂಟರ್ ವಿಷಯ ಬಂದಾಗ ಹೊಸದಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಲಕರಣೆಯ ಜಾಗದಲ್ಲಿ ಅಲ್ಗಾರಿದಮ್ ಕೂತಿತು, ವಿಧಾನದ ಜಾಗದಲ್ಲಿ ಪ್ರೋಗ್ರಾಂ, ವೀಕ್ಷಣೆಯ ಜಾಗದಲ್ಲಿ ಔಟ್‌ಪುಟ್. ಕೊನೆಯ ಸಾಲು ಮಾತ್ರ ಎಲ್ಲ ಪ್ರಯೋಗಗಳಿಗೂ ಒಂದೇ: ಪ್ರೋಗ್ರಾಂ ಯಶಸ್ವಿಯಾಗಿ ಓಡಿತು. ಯಶಸ್ವಿಯಾಗಿ ಓಡಲಿಲ್ಲ ಎಂದು ಬರೆದ ಒಂದು ಜರ್ನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಟ್ಟು ಎರವಲಾದರೂ ಕಾಗದದ ಮೇಲೆ ಬರೆಸಿದ್ದಕ್ಕೆ ಆಗ ಗಟ್ಟಿ ಕಾರಣಗಳಿದ್ದವು. ಇಡೀ ಬ್ಯಾಚಿಗೆ ಬೆರಳೆಣಿಕೆಯ ಕಂಪ್ಯೂಟರುಗಳು. ಒಂದೊಂದರ ಮುಂದೆ ಮೂವರು, ನಾಲ್ವರು. ಒಬ್ಬ ಕೀಲಿ ಒತ್ತುವವನು, ಉಳಿದವರು ನೋಡುವವರು. ವಾರಕ್ಕೊಮ್ಮೆ ಬರುವ ಆ ಹೊತ್ತಿನಲ್ಲಿ ಯೋಚಿಸುತ್ತ ಕುಂತರೆ ಪಾಳಿ ಮುಗಿದೇ ಹೋಗುತ್ತಿತ್ತು. ಆದ್ದರಿಂದ ಮನೆಯಲ್ಲೇ ಬರೆದು, ಶಿಕ್ಷಕರಿಗೆ ತೋರಿಸಿ, ಆಮೇಲೆ ಟೈಪ್ ಮಾಡಬೇಕು ಎಂಬ ನಿಯಮ ನ್ಯಾಯವಾಗಿಯೇ ಇತ್ತು. ಫ್ಲಾಪಿಯನ್ನು ನಂಬುವ ಹಾಗಿರಲಿಲ್ಲ. ನಮ್ಮ ಬೇಸಗೆಯ ಧೂಳು, ಮಳೆಗಾಲದ ತೇವ ಎರಡಕ್ಕೂ ಅದು ಬಲಿಯಾಗುತ್ತಿತ್ತು. ಕರೆಂಟಿನ ಮಾತು ಕೇಳಲೇಬೇಡಿ. ಟರ್ಬೋ ಸಿಯ ನೀಲಿ ಪರದೆಯ ಮೇಲೆ ಅರ್ಧ ಪ್ರೋಗ್ರಾಂ ಹೊಡೆದು, ಉಳಿಸಲು ಎಫ್2 ಒತ್ತುವುದನ್ನು ಮರೆತವನ ಶ್ರಮ ಲೈಟು ಹೋದ ಕ್ಷಣಕ್ಕೇ ಮಾಯ. ಪರೀಕ್ಷೆಯ ದಿನ ಹಾಗಾದರೆ ಉತ್ತರಪತ್ರಿಕೆಯಲ್ಲಿ ಕೈಯಿಂದ ಬರೆದ ಪ್ರೋಗ್ರಾಮೇ ಅವನ ಅಂಕ ಉಳಿಸುತ್ತಿತ್ತು.

ಕಡತದ ಹೆಸರಿಗೂ ಒಂದು ಶಿಸ್ತು ಬಂದದ್ದು ಹೀಗೆಯೇ. ಡಾಸ್‌ನಲ್ಲಿ ಹೆಸರಿಗೆ ಎಂಟು ಅಕ್ಷರ, ಚುಕ್ಕೆಯ ನಂತರ ಮೂರು ಅಕ್ಷರ. ಅದಕ್ಕಿಂತ ಹೆಚ್ಚಿಗೆ ಜಾಗವಿಲ್ಲ. ಎಲ್ಲರೂ ‘ಫ್ಯಾಕ್ಟ್’ ಎಂದೇ ಹೆಸರಿಟ್ಟು ಒಬ್ಬರ ಕಡತದ ಮೇಲೆ ಇನ್ನೊಬ್ಬರು ಉಳಿಸಿಬಿಡುತ್ತಿದ್ದರು. ಬೆಳಗಿನ ಬ್ಯಾಚಿನ ಹುಡುಗಿಯ ಪ್ರೋಗ್ರಾಂ ಮಧ್ಯಾಹ್ನದ ಬ್ಯಾಚಿನ ಹುಡುಗನ ಕೈಯಲ್ಲಿ ಅಳಿಯುತ್ತಿತ್ತು. ಜಗಳ ವಿಪರೀತವಾದಾಗ ಹೆಸರಿನ ಮೊದಲಿಗೆ ರೋಲ್ ನಂಬರ್ ಹಾಕಬೇಕು ಎಂಬ ನಿಯಮ ಗೋಡೆಯ ಮೇಲೆ ಬಂತು. ಪ್ರೋಗ್ರಾಮಿನ ತಲೆಯ ಮೇಲೆ ಹೆಸರು, ರೋಲ್ ನಂಬರ್, ದಿನಾಂಕ, ಉದ್ದೇಶ ಬರೆಯುವ ನಾಲ್ಕು ಸಾಲಿನ ಟಿಪ್ಪಣಿಯೂ ಆಗಲೇ ರೂಢಿಯಾಯಿತು. ಡಾಟ್ ಮ್ಯಾಟ್ರಿಕ್ಸ್ ಮುದ್ರಕದಿಂದ ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದ ಕಿರ್ರೆನ್ನುತ್ತ ಬಂದಾಗ ಯಾವ ಹಾಳೆ ಯಾರದು ಎಂದು ಹರಿದು ಹಂಚಲು ಆ ಟಿಪ್ಪಣಿಯೇ ಆಧಾರ. ಅಗತ್ಯದಿಂದ ಹುಟ್ಟಿದ ಈ ಎರಡು ನಿಯಮಗಳು ಇಂದಿಗೂ ಕೆಲಸಕ್ಕೆ ಬರುವಂಥವು.

ಫ್ಲೋಚಾರ್ಟಿನ ಕತೆ ಬೇರೆ. ಜರ್ನಲ್ಲಿನ ಎಡಪುಟ ಗೆರೆಯಿಲ್ಲದ ಬಿಳಿ ಹಾಳೆ. ಅಲ್ಲಿ ಪೆನ್ಸಿಲ್ಲಿನಿಂದ ಚೌಕ, ವಜ್ರಾಕೃತಿ, ಬಾಣ. ಕೈ ನಡುಗಿ ವಜ್ರ ಸೊಟ್ಟಗಾದರೆ ‘ಮತ್ತ ತಗಿ’ ಎಂಬ ಕೆಂಪು ಶಾಯಿಯ ಆಜ್ಞೆ. ಕೆಲಸದ ಹಂತಗಳನ್ನು ಚಿತ್ರವಾಗಿಸುವ ವಿಧಾನವನ್ನು ಅಮೆರಿಕದ ಎಂಜಿನಿಯರುಗಳ ಮುಂದೆ ಫ್ರಾಂಕ್ ಗಿಲ್ಬ್ರೆತ್ ಮಂಡಿಸಿದ್ದು 1921ರಲ್ಲಿ. ಕಂಪ್ಯೂಟರಿಗೆ ಅದನ್ನು ಒಗ್ಗಿಸಿದವರು 1947ರ ಸುಮಾರಿನಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್. 1975ರ ಹೊತ್ತಿಗೆ ಐಬಿಎಂನಲ್ಲಿ ದೊಡ್ಡ ತಂಡ ನಡೆಸಿ ಬಂದಿದ್ದ ಫ್ರೆಡ್ ಬ್ರೂಕ್ಸ್, ನುರಿತವರು ಪ್ರೋಗ್ರಾಮಿಗೆ ಮೊದಲು ವಿವರವಾದ ಫ್ಲೋಚಾರ್ಟ್ ಬರೆಯುವುದೇ ಇಲ್ಲ, ಬರೆಯಲೇಬೇಕೆಂದರೆ ಕೆಲಸ ಮುಗಿದ ಮೇಲೆ ಬರೆಯುತ್ತಾರೆ ಎಂದು ಪುಸ್ತಕದಲ್ಲೇ ಹೇಳಿಬಿಟ್ಟಿದ್ದರು. ನಮ್ಮಲ್ಲಿ ಅದಾಗಿ ಇಪ್ಪತ್ತು ವರ್ಷಕ್ಕೆ ವಜ್ರದ ನಾಲ್ಕು ಮೂಲೆ ಸಮ ಇಲ್ಲವೆಂದು ಅಂಕ ಕಳೆಯುತ್ತಿದ್ದೆವು. ಫ್ಲೋಚಾರ್ಟ್ ನೋಡಿ ಪ್ರೋಗ್ರಾಂ ಬರೆದವರನ್ನು ನಾನು ಕಾಣಲಿಲ್ಲ. ಪ್ರೋಗ್ರಾಂ ಪಕ್ಕಕ್ಕಿಟ್ಟುಕೊಂಡು, ಅದೂ ಹಿಂದಿನ ವರ್ಷದವರ ಜರ್ನಲ್ಲಿನಿಂದ, ಫ್ಲೋಚಾರ್ಟ್ ತೆಗೆದವರೇ ಎಲ್ಲ.

ಹಿಂದಿನ ವರ್ಷದವರ ಜರ್ನಲ್. ಈ ಸೀಮೆಯಲ್ಲಿ ನಿಜವಾದ ಪಠ್ಯಪುಸ್ತಕ ಅದೇ ಆಗಿತ್ತು. ಬಾಲಗುರುಸಾಮಿಯವರ ಸಿ ಪುಸ್ತಕ, ಯಶವಂತ ಕಾನೇಟ್ಕರರ ‘ಲೆಟ್ ಅಸ್ ಸಿ’ ಗ್ರಂಥಾಲಯದಲ್ಲಿ ಇರುತ್ತಿದ್ದವು. ಅಕ್ಕನ ಜರ್ನಲ್ ಮಾತ್ರ ಮನೆಯಲ್ಲೇ ಇರುತ್ತಿತ್ತು. ಜಮಖಂಡಿಯಲ್ಲಿ ಹುಟ್ಟಿದ ಒಂದು ಜರ್ನಲ್ ಮದುವೆಯ ಸಂಬಂಧಗಳ ಜಾಡು ಹಿಡಿದು ಬೀಳಗಿ ಮುಟ್ಟುತ್ತಿತ್ತು. ಹಾಗೆ ಬಂದದ್ದನ್ನು ಗುರುತಿಸುವುದು ಕಷ್ಟವೇನಲ್ಲ. ಮುಧೋಳ ರನ್ನನ ಊರು. ಅಂಥ ಕವಿಗಳ ಓಲೆಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರು ಯಾವ ಪ್ರತಿ ಯಾವುದರ ನಕಲು ಎಂದು ತಿಳಿಯುವುದು ಸರಿಯಾದ ಪಾಠಗಳಿಂದಲ್ಲ. ಎರಡು ಪ್ರತಿಗಳಲ್ಲಿ ಒಂದೇ ಕಡೆ ಒಂದೇ ತಪ್ಪು ಇದ್ದರೆ ಅವೆರಡೂ ಒಂದೇ ತಾಯಿಯ ಮಕ್ಕಳು. ಜರ್ನಲ್ಲುಗಳೂ ಹಾಗೇ. ‘ಫಿಬೊನಾಚಿ’ಯ ಇಂಗ್ಲಿಷ್ ಕಾಗುಣಿತದಲ್ಲಿ ಯಾರೋ ಒಂದು ಅಕ್ಷರ ನುಂಗಿದರು, ಅದು ಬ್ಯಾಚಿನಿಂದ ಬ್ಯಾಚಿಗೆ ಹಾಗೇ ನಡೆದು ಬಂತು. ಅರ್ಧವಿರಾಮವೊಂದು ಬಿಟ್ಟುಹೋದ ಪ್ರೋಗ್ರಾಮಿನ ಕೆಳಗೆ ಚೆಂದದ ಅಕ್ಷರದಲ್ಲಿ ಔಟ್‌ಪುಟ್ ಇತ್ತು. ಆ ಪ್ರೋಗ್ರಾಂ ಕಂಪೈಲ್ ಆಗುವುದೇ ಸಾಧ್ಯವಿರಲಿಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲೂ ಈ ಕಾಯಿಲೆ ಇತ್ತು. 1994ರಲ್ಲಿ ಅಲೆಕ್ಸ್ ಐಕನ್ ‘ಮಾಸ್’ ಎಂಬ ತಂತ್ರಾಂಶ ರೂಪಿಸಿದರು. ಚರಾಕ್ಷರಗಳ ಹೆಸರು ಬದಲಿಸಿ, ಸಾಲು ಹಿಂದೆಮುಂದೆ ಮಾಡಿ ಒಪ್ಪಿಸಿದರೂ ಎರಡು ಪ್ರೋಗ್ರಾಮುಗಳ ಹೋಲಿಕೆಯನ್ನು ಅದು ತೋರಿಸುತ್ತಿತ್ತು. ಆದರೆ ಅದಕ್ಕೆ ಕಡತ ಬೇಕು. ನಮ್ಮಲ್ಲಿ ಒಪ್ಪಿಸುತ್ತಿದ್ದದ್ದು ಕೈಬರಹ. ಕೈಬರಹ ಬೇರೆಯಾಗಿದ್ದರೆ ಕೆಲಸವೂ ಬೇರೆ ಎಂದು ನಂಬಿ ಸಹಿ ಹಾಕುತ್ತಿದ್ದೆವು.

ಎಲ್ಲ ಜರ್ನಲ್ಲುಗಳಲ್ಲೂ ಬದಲಾಗದ ಒಂದು ಅಂಕಿ ಇತ್ತು: 5. ಫ್ಯಾಕ್ಟೋರಿಯಲ್ ಕಂಡುಹಿಡಿಯುವ ಪ್ರೋಗ್ರಾಮಿಗೆ ಕೊಟ್ಟ ಸಂಖ್ಯೆ 5, ಬಂದ ಉತ್ತರ 120. ರಬಕವಿಯಲ್ಲೂ 5, ಬೀಳಗಿಯಲ್ಲೂ 5. ಬಾಹ್ಯ ಪರೀಕ್ಷಕಿಯಾಗಿ ಹೋದಾಗ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ‘ಚಲೋ ಬಂತು. ಈಗ 8 ಕೊಡು.’ ಹುಡುಗ ಖುಷಿಯಿಂದ 8 ಒತ್ತುತ್ತಿದ್ದ. ಪರದೆಯ ಮೇಲೆ -25216 ಬರುತ್ತಿತ್ತು.

‘ಮೇಡಂ, ಕಂಪ್ಯೂಟರ್ ಕೆಟ್ಟೈತ್ರಿ.’

‘ಇಲ್ಲಪ್ಪಾ, ಬಾಜೂ ಕಂಪ್ಯೂಟರಿನ್ಯಾಗೂ ಮಾಡಿ ನೋಡು.’

ಅಲ್ಲೂ -25216. ಟರ್ಬೋ ಸಿಯಲ್ಲಿ ‘ಇಂಟ್’ ಎಂದರೆ 16 ಬಿಟ್ ಜಾಗ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಏಳರ ಫ್ಯಾಕ್ಟೋರಿಯಲ್ 5,040, ಆರಾಮವಾಗಿ ಹಿಡಿಸುತ್ತದೆ. ಎಂಟರದು 40,320. ಹಿಡಿಸದೆ ತಿರುಗಿಬಿದ್ದು, 65,536 ಕಳೆದು ಋಣಸಂಖ್ಯೆಯಾಗಿ ಬರುತ್ತದೆ. ಪ್ರೋಗ್ರಾಂ ತಕರಾರು ಮಾಡುವುದಿಲ್ಲ, ಬೀಪ್ ಹೊಡೆಯುವುದಿಲ್ಲ. ಸುಳ್ಳು ಉತ್ತರವನ್ನು ನಿಜದಷ್ಟೇ ಧೈರ್ಯದಿಂದ ಹೇಳುತ್ತದೆ. ಜರ್ನಲ್ಲಿನ ಮಟ್ಟಿಗೆ ಅದು ಯಶಸ್ವಿಯಾಗಿ ಓಡಿದ ಪ್ರೋಗ್ರಾಂ.

ಇದು ಮಕ್ಕಳ ಆಟದ ತಪ್ಪು ಎನ್ನುವವರು 1996ರ ಜೂನ್ 4ನ್ನು ನೆನೆಯಬೇಕು. ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ನಿಮಿಷ ತುಂಬುವ ಮುನ್ನವೇ ಆಕಾಶದಲ್ಲಿ ಸಿಡಿಯಿತು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುರುಕಲು ಹೋದದ್ದೇ ಕಾರಣ. ಅಲ್ಲಿಯೂ ಮಿತಿ ಅದೇ 32,767. ಆ ತಂತ್ರಾಂಶ ಹಳೆಯ ಏರಿಯಾನ್-4ರಿಂದ ಎತ್ತಿಕೊಂಡು ಬಂದದ್ದು. ಆ ರಾಕೆಟ್ಟಿನ ವೇಗಕ್ಕೆ ಸಂಖ್ಯೆ ಅಷ್ಟು ದೊಡ್ಡದಾಗುವುದಿಲ್ಲ ಎಂದು ಲೆಕ್ಕ ಹಾಕಿ ಕಾವಲು ಹಾಕದೆ ಬಿಟ್ಟಿದ್ದರು. ತನಿಖಾ ಮಂಡಳಿ ಗುರುತಿಸಿದ ಒಂದು ಅಂಶ ನಮ್ಮ ಜರ್ನಲ್ಲಿಗೆ ನೇರವಾಗಿ ಸಂಬಂಧಿಸಿದ್ದು: ಕಾವಲು ಯಾಕೆ ಬಿಟ್ಟೆವು ಎಂಬ ಸಮರ್ಥನೆ ಪ್ರೋಗ್ರಾಮಿನ ಒಳಗೆ ಎಲ್ಲೂ ಬರೆದಿರಲಿಲ್ಲ. ಹೊಸ ರಾಕೆಟ್ಟಿನವರಿಗೆ ಕಣ್ಣಿಗೆ ಬೀಳುವ ಕಡೆ ಆ ಒಂದು ಸಾಲು ಇರಲಿಲ್ಲ. ಅವರೂ ಒಂದರ್ಥದಲ್ಲಿ ಹಿಂದಿನ ಬ್ಯಾಚಿನವರ ಜರ್ನಲ್ಲನ್ನು ಇಳಿಸಿಕೊಂಡವರೇ.

ಬರೆದಿಡುವುದು ಮುಂದಿನವನಿಗಾಗಿ ಎಂಬ ತಿಳಿವಳಿಕೆ ರಬಕವಿ-ಬನಹಟ್ಟಿಗೆ ಹೊಸದಲ್ಲ. ಸೀರೆಯ ದಡಿ, ಸೆರಗಿನ ಚಿತ್ತಾರ ಜಕಾರ್ಡ್ ಮೇಲೆ ಏಳಬೇಕಾದರೆ ಮೊದಲು ಚೌಕಳಿ ಕಾಗದದಲ್ಲಿ ನಕ್ಷೆ ಬರೆಯಬೇಕು, ಆ ನಕ್ಷೆ ನೋಡಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯಬೇಕು, ಪಟ್ಟಿಗಳಿಗೆ ಸಾಲಾಗಿ ನಂಬರ್ ಹಾಕಿ ದಾರದಿಂದ ಹೊಲಿಯಬೇಕು. ದಾರ ಹರಿದು ಪಟ್ಟಿಗಳು ಚೆಲ್ಲಿದರೂ ನಂಬರ್ ಇದ್ದರೆ ಇನ್ನೊಬ್ಬ ನೇಕಾರ ಅವನ್ನು ಮತ್ತೆ ಹೊಂದಿಸಬಲ್ಲ. ನಂಬರಿಗಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈ ಪಟ್ಟಿಗಳು ಎಷ್ಟು ಹುಕ್ಕಿನ ಯಂತ್ರಕ್ಕೆ, 120ಕ್ಕೋ 240ಕ್ಕೋ, ಎಂಬುದು ತಿಳಿದಿರಬೇಕು. ಒಂದಕ್ಕೆ ಹೊಡೆದದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಫ್ರಾನ್ಸಿನಲ್ಲಿ 1804ರ ಹೊತ್ತಿಗೆ ರೂಪಗೊಂಡ ಈ ಯಂತ್ರದ ತೂತಿನ ಪಟ್ಟಿಯೇ ಮುಂದೆ 1890ರ ಅಮೆರಿಕದ ಜನಗಣತಿಗೆ ಹಾಲರಿತ್‌ನ ಕಾರ್ಡಾಗಿ, ಆಮೇಲೆ ಐಬಿಎಂನ 80 ಕಾಲಮ್ಮಿನ ಕಾರ್ಡಾಗಿ ಬೆಳೆಯಿತು. ಐಐಟಿ ಕಾನ್ಪುರಕ್ಕೆ 1963ರಲ್ಲಿ ಐಬಿಎಂ 1620 ಬಂದ ಮೇಲೆ ವಿ. ರಾಜಾರಾಮನ್ ಅವರಂಥ ಮೇಷ್ಟರ ಕೈಕೆಳಗೆ ಈ ದೇಶದ ಮೊದಲ ತಲೆಮಾರು ಕಲಿತದ್ದು ಇಂಥ ಕಾರ್ಡಿನ ಕಟ್ಟುಗಳಿಂದಲೇ. ಫೋರ್ಟ್ರಾನ್ ಕಾರ್ಡಿನ 73ರಿಂದ 80ರವರೆಗಿನ ಕಾಲಮ್ಮುಗಳನ್ನು ಯಂತ್ರ ಓದುತ್ತಿರಲಿಲ್ಲ. ಕಟ್ಟು ಕೈಜಾರಿ ಬಿದ್ದರೆ ಜೋಡಿಸಿಕೊಳ್ಳಲೆಂದು ಅಲ್ಲಿ ಕ್ರಮಸಂಖ್ಯೆ ಹಾಕುತ್ತಿದ್ದರು. ಯಂತ್ರಕ್ಕಲ್ಲ, ಮನುಷ್ಯರಿಗೆ ಬೇಕಾಗಿ ಬಿಟ್ಟ ಜಾಗ ಅದು. ನಮ್ಮ ಅಪ್ಪನಿಗೆ ಫೋರ್ಟ್ರಾನ್ ಗೊತ್ತಿರಲಿಲ್ಲ. ಆದರೆ ನಂಬರ್ ಇಲ್ಲದ ಪಟ್ಟಿಗಳನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಸಿಎ ತರಗತಿಗಳು ತುಂಬಿದವು, ಜರ್ನಲ್ಲಿನ ಜೊತೆಗೆ ಪ್ರಾಜೆಕ್ಟ್ ವರದಿ ಬಂತು. ರೆಕ್ಸಿನ್ ಹೊದಿಕೆ, ಬಂಗಾರದ ಬಣ್ಣದ ಅಕ್ಷರ, ಮೂರು ಪ್ರತಿ. ಒಳಗೆ ವಿಷುವಲ್ ಬೇಸಿಕ್ 6ರಲ್ಲಿ ಬರೆದ ಗ್ರಂಥಾಲಯ ನಿರ್ವಹಣೆ ಅಥವಾ ಆಸ್ಪತ್ರೆ ನಿರ್ವಹಣೆ. ಸುತ್ತಲೂ ಕಬ್ಬು, ಸಕ್ಕರೆ ಕಾರ್ಖಾನೆಗಳು. ಮಹಾಲಿಂಗಪುರದ ಬೆಲ್ಲದ ಪೇಟೆ ಇಲ್ಲೇ ಪಕ್ಕದಲ್ಲಿ. ಆದರೂ ಕಬ್ಬಿನ ತೂಕದ ಚೀಟಿಯ ಮೇಲೆ ಪ್ರಾಜೆಕ್ಟ್ ಮಾಡುವವರು ಅಪರೂಪ. ಕಾರಣ ಸರಳ: ಆಸ್ಪತ್ರೆಯ ವರದಿ ಸಿದ್ಧವಾಗಿ ಸಿಗುತ್ತಿತ್ತು, ತೂಕದ ಚೀಟಿಯದು ಸಿಗುತ್ತಿರಲಿಲ್ಲ. ಒಬ್ಬಳು ಮಾತ್ರ ಅಣ್ಣನ ಟ್ರ್ಯಾಕ್ಟರಿನ ಚೀಟಿಗಳನ್ನು ತಂದಿಟ್ಟುಕೊಂಡು ಮಾಡಿದಳು. ಚೀಟಿಯ ಮೇಲೆ ಒಂದೇ ಹೆಸರಿನ ಇಬ್ಬರು ರೈತರು ಬಂದರೆ ತನ್ನ ತಂತ್ರಾಂಶ ಗೊಂದಲಕ್ಕೀಡಾಗುತ್ತದೆ ಎಂದು ವರದಿಯ ಕೊನೆಗೆ ತಾನೇ ಬರೆದಿದ್ದಳು. ‘ಇದನ್ಯಾಕ ಬರದಿ? ಅಂಕ ಹೋಗತಾವು’ ಎಂದು ಗೆಳತಿಯರು ಬೈದರಂತೆ. ಆ ವರ್ಷ ನಾನು ಓದಿದ ವರದಿಗಳಲ್ಲಿ ನಿಜವಾದ ದಾಖಲೆ ಎನ್ನಬಹುದಾದದ್ದು ಅದೊಂದೇ.

ಆಡಳಿತ ಬದಲಾಗುತ್ತ ಹೋಯಿತು. 1997ರಲ್ಲಿ ಬಿಜಾಪುರದಿಂದ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದು ಎಂಜಿನಿಯರಿಂಗ್ ಕಾಲೇಜುಗಳು ಅದರಡಿ ಸೇರಿದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿ ನಮ್ಮ ಪದವಿ ಕಾಲೇಜುಗಳು ಧಾರವಾಡದಿಂದ ಅದಕ್ಕೆ ಸೇರಿದವು. 2023ರಲ್ಲಿ ಜಮಖಂಡಿಯನ್ನೇ ಕೇಂದ್ರವಾಗಿಸಿಕೊಂಡು ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. ಜರ್ನಲ್ಲಿನ ಹೊದಿಕೆಯ ಮೇಲೆ ಹೆಸರು ಬದಲಾಯಿತು, ಒಳಗಿನ ಕಟ್ಟು ಬದಲಾಗಲಿಲ್ಲ. ತೊಂಬತ್ತರ ಆರಂಭದ ಟರ್ಬೋ ಸಿ ವಿಂಡೋಸ್ 7ರ ಮೇಲೂ ಡಾಸ್‌ಬಾಕ್ಸ್ ಎಂಬ ಊರುಗೋಲು ಹಿಡಿದು ಓಡಿತು. ಯಾಕೆಂದರೆ ಜರ್ನಲ್ಲಿನಲ್ಲಿ ಬರೆದ ಕ್ಲಿಯರ್‌ಸ್ಕ್ರೀನ್ ಆದೇಶ ಬೇರೆ ಕಡೆ ಓಡುತ್ತಿರಲಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದವು. ನದಿದಂಡೆಯ ಹಳ್ಳಿಯ ಹುಡುಗನೊಬ್ಬನ ಮನೆಗೆ ನೀರು ನುಗ್ಗಿ ಜರ್ನಲ್ ಮುದ್ದೆಯಾಯಿತು. ಅವನ ಪ್ರೋಗ್ರಾಮುಗಳೆಲ್ಲ ಪೆನ್‌ಡ್ರೈವಿನಲ್ಲಿ ಭದ್ರವಾಗಿದ್ದವು, ಎಲ್ಲವೂ ಓಡುತ್ತಿದ್ದವು. ಆದರೆ ಅವನ ಕಾಲೇಜು ಒಪ್ಪಲಿಲ್ಲ. ಮೊದಲಿಂದ ಕೈಯಲ್ಲಿ ಬರೆದು ತಾ ಎಂದಿತು. ಅವನು ಗೆಳೆಯನ ಜರ್ನಲ್ ತಂದು ಇಳಿಸಿಕೊಂಡ. ತಾನೇ ಬರೆದ ಪ್ರೋಗ್ರಾಂ ಬಿಟ್ಟು ಇನ್ನೊಬ್ಬನದನ್ನು ನಕಲು ಮಾಡುವುದು ನಿಯಮಕ್ಕೆ ಸರಿಯಾದ ದಾರಿಯಾಗಿತ್ತು. ಕಾಗದವೇ ನಂಬಿಗಸ್ತ ಎಂಬ ಹಳೆಯ ಕಾರಣ ಆ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ನಿಯಮ ಮಾತ್ರ ಅಲ್ಲೇ ಉಳಿದಿತ್ತು.

ಮರುವರ್ಷ ಕೊರೊನಾ ಬಂದಾಗ ಆ ನಿಯಮವೂ ಬಾಗಿತು, ಆದರೆ ವಿಚಿತ್ರ ರೀತಿಯಲ್ಲಿ. ಮಕ್ಕಳು ಕೈಯಿಂದಲೇ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದು, ಪಿಡಿಎಫ್ ಮಾಡಿ ವಾಟ್ಸಾಪಿಗೆ ಕಳಿಸಿದರು. ಎಲ್ಲ ಕಡತಗಳ ಹೆಸರೂ ‘ನ್ಯೂ ಡಾಕ್ಯುಮೆಂಟ್’. ಡಾಸ್ ಕಾಲದ ಎಂಟು ಅಕ್ಷರದಲ್ಲಿ ಕಲಿತ ಹೆಸರಿಡುವ ಶಿಸ್ತು, ಎಷ್ಟು ಉದ್ದ ಬೇಕಾದರೂ ಹೆಸರಿಡಬಹುದಾದ ಕಾಲದಲ್ಲಿ ಕಳೆದುಹೋಗಿತ್ತು.

ಈಗ ಪಿಯುಸಿಗೆ ಸಿ++ ಹೋಗಿ ಪೈಥಾನ್ ಬಂದಿದೆ. ಪೈಥಾನಿನಲ್ಲಿ ಪೂರ್ಣಾಂಕಕ್ಕೆ 32,767ರ ಗೋಡೆಯಿಲ್ಲ. ಎಂಟೇಕೆ, ಐವತ್ತರ ಫ್ಯಾಕ್ಟೋರಿಯಲ್ ಕೂಡ ತಪ್ಪಿಲ್ಲದೆ ಬರುತ್ತದೆ. ಜರ್ನಲ್ಲಿನಲ್ಲಿ ಮಾತ್ರ ಈಗಲೂ 5, 120. ನಾನು ಕೇಳುವ ಸಂಖ್ಯೆ ಬದಲಾಗಿದೆ: ‘-1 ಕೊಡು.’ ತನ್ನನ್ನು ತಾನೇ ಕರೆಯುವ ಫಂಕ್ಷನ್ನಿನಲ್ಲಿ ಕಾವಲಿಲ್ಲದಿದ್ದರೆ ಅದು ಇಳಿಯುತ್ತಲೇ ಹೋಗಿ, ಸಾವಿರ ಸುತ್ತಿನ ಮಿತಿ ಮುಟ್ಟಿ ದೋಷವೆಂದು ನಿಲ್ಲುತ್ತದೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಉದ್ದೇಶ, ಅಲ್ಗಾರಿದಮ್, ಟಿಪ್ಪಣಿ, ಔಟ್‌ಪುಟ್ ಎಲ್ಲವೂ ಕ್ಷಣದಲ್ಲಿ ಅಚ್ಚುಕಟ್ಟಾಗಿ ಸಿಗುತ್ತವೆ. ಚೆಂದದ ಅಕ್ಷರ, ಸಮನಾದ ವಜ್ರ, ತುಂಬಿದ ಪುಟ ಇವಕ್ಕೆ ಅಂಕ ಕೊಟ್ಟು ಬೆಳೆಸಿದ ಪದ್ಧತಿಗೆ ಇದು ತಕ್ಕ ಶಾಸ್ತಿ.

ಜರ್ನಲ್ಲನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಕಡತಕ್ಕೆ ರೋಲ್ ನಂಬರಿನ ಹೆಸರು, ತಲೆಯ ಮೇಲಿನ ನಾಲ್ಕು ಸಾಲು, ದಿನಾಂಕ ಇರಲಿ. ಅವು ಕೆಲಸಕ್ಕೆ ಬಂದ ನಿಯಮಗಳು. ಫ್ಲೋಚಾರ್ಟ್ ಬೇಕಾದವರು ಬರೆಯಲಿ. ಓಡುವ ಕಡತವನ್ನೇ ಒಪ್ಪಿಸಲು ಬಿಡಿ, ಅದನ್ನು ಮತ್ತೆ ಕೈಯಲ್ಲಿ ಇಳಿಸುವ ಶಿಕ್ಷೆ ತೆಗೆಯಿರಿ. ಅದರ ಬದಲು ಪ್ರತಿ ಪ್ರೋಗ್ರಾಮಿನ ಕೊನೆಗೆ ಒಂದೇ ಒಂದು ಸಾಲು ಕಡ್ಡಾಯ ಮಾಡಿ: ಇದು ಎಲ್ಲಿ ಸೋಲುತ್ತದೆ. ಯಾವ ಸಂಖ್ಯೆ ಕೊಟ್ಟರೆ ತಪ್ಪು ಉತ್ತರ ಬಂತು, ಯಾವುದಕ್ಕೆ ನಿಂತುಹೋಯಿತು, ಯಾವುದನ್ನು ಪರೀಕ್ಷಿಸಲಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಆ ಸಾಲನ್ನು ಕನ್ನಡದಲ್ಲೇ ಬರೆಯಲಿ. 2008ರಲ್ಲಿ ಬಂದ ಪೈಥಾನ್ 3 ಕನ್ನಡದ ಟಿಪ್ಪಣಿಯನ್ನು ಯಾವ ತಕರಾರೂ ಇಲ್ಲದೆ ಒಪ್ಪುತ್ತದೆ, ಒಪ್ಪಬೇಕಾದವರು ನಾವು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಸಾಲನ್ನೇ ಹಿಡಿದು ಕೇಳಲಿ. ಆ ಸಾಲನ್ನು ಚಾಟ್‌ಜಿಪಿಟಿಯಿಂದ ತಂದರೂ ಅಡ್ಡಿಯಿಲ್ಲ, ಪರೀಕ್ಷಕರ ಎದುರಿಗೆ ಆ ಸಂಖ್ಯೆ ಕೊಟ್ಟು, ಯಾಕೆ ಸೋತಿತೆಂದು ಮಕ್ಕಳೇ ಹೇಳಬೇಕಲ್ಲ.

ಪಠ್ಯಕ್ರಮ ಮಂಡಳಿಯಲ್ಲಿ ಕುಳಿತವರಲ್ಲಿ, ಲ್ಯಾಬಿನಲ್ಲಿ ಬ್ಯಾಚ್ ನೋಡಿಕೊಳ್ಳುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ‘ಯಶಸ್ವಿಯಾಗಿ ಓಡಿತು’ ಎಂಬ ಸಾಲಿಗೆ ಇನ್ನು ಅಂಕ ಕೊಡಬೇಡಿ. ತನ್ನ ಪ್ರೋಗ್ರಾಂ ಎಲ್ಲಿ ಸೋಲುತ್ತದೆ ಎಂದು ಬರೆದ ಹುಡುಗಿಗೆ ಪೂರ್ತಿ ಅಂಕ ಕೊಡಿ. ಅವಳ ಜರ್ನಲ್ಲಿಗೆ ಸಹಿ ಹಾಕಲು ಯಾವ ಪರೀಕ್ಷಕರೂ ಹಿಂದೆಮುಂದೆ ನೋಡಬೇಕಾಗಿಲ್ಲ.